ಮನೆಯಲ್ಲಿ ಕಟ್ಟಿದ ಕಾರು ಕುದಿಯುವುದೇಕೆ?

1957ರಲ್ಲಿ ಇಂಗ್ಲೆಂಡಿನಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಹೊರಬಂದಿತು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಂಡವರಿಗೆ ಆಗಿನ ಖರೀದಿ ತೆರಿಗೆ ಉಳಿಯುತ್ತಿದ್ದಿತು. ಮುಂದೆ ಅದರ ಮಾದರಿಯನ್ನನುಸರಿಸಿ ತಾವೇ ಕಾರು ಕಟ್ಟುವ ಹವ್ಯಾಸಿಗಳು ಅಲ್ಲಿ ಅನೇಕರಾದರು. ಚೌಕಟ್ಟನ್ನು ಬೆಸೆದು, ಹಳೆಯ ಕಾರೊಂದರ ಎಂಜಿನನ್ನು ಕೂಡಿಸಿ, ರಸ್ತೆಗೆ ಇಳಿಸಿದೊಡನೆ ಇಂಥವರನ್ನು ಕಾಡುವ ತೊಂದರೆಯೊಂದುಂಟು: ಎಂಜಿನು ಮಿತಿಮೀರಿ ಕಾಯುವುದು. ಹಳೆಯ ಕಾರಿನಲ್ಲಿ ನೆಮ್ಮದಿಯಾಗಿ ಓಡುತ್ತಿದ್ದ ಎಂಜಿನು ಇಲ್ಲಿ ಕುದಿಯುವುದೇಕೆ?

ಮೊದಲು ಶಾಖದ ಲೆಕ್ಕವನ್ನು ನೋಡೋಣ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಕಾರನ್ನು ನಡೆಸುವ ಶಕ್ತಿಯಾಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದರ ಬಹುಭಾಗವನ್ನು ತಂಪು ನೀರು ಹೊತ್ತೊಯ್ಯಬೇಕು. ಆದುದರಿಂದ 30 ಕಿಲೋವಾಟ್ ಶಕ್ತಿ ನೀಡುತ್ತಿರುವ ಎಂಜಿನಿನಿಂದ ಹೆಚ್ಚುಕಡಿಮೆ ಅಷ್ಟೇ ಶಾಖ, ಎಂದರೆ ಸೆಕೆಂಡಿಗೆ 30 ಕಿಲೋಜೂಲ್, ನೀರಿಗೆ ಸೇರುವುದೆಂದು ಎಣಿಸಬಹುದು.

1 ಕಿಲೋಗ್ರಾಂ ನೀರಿನ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಬೇಕಾದರೆ 4.2 ಕಿಲೋಜೂಲ್ ಶಾಖ ಬೇಕು. ಗಾಳಿಗಾದರೋ ಸುಮಾರು 1 ಕಿಲೋಜೂಲ್ ಸಾಕು. ಸೆಕೆಂಡಿಗೆ 1 ಲೀಟರು ನೀರು ಹರಿದರೆ ಅದು ಸುಮಾರು 7 ಡಿಗ್ರಿಯಷ್ಟು ಮಾತ್ರ ಬಿಸಿಯಾಗುತ್ತದೆ. ಅದೇ ಶಾಖವನ್ನು ರೇಡಿಯೇಟರಿನಲ್ಲಿ ಹೀರಿಕೊಳ್ಳುವ 1 ಕಿಲೋಗ್ರಾಂ ಗಾಳಿ ಸುಮಾರು 30 ಡಿಗ್ರಿ ಬಿಸಿಯಾಗಬೇಕು. ಆ ಗಾಳಿಯ ಗಾತ್ರವೋ ಒಂದು ಘನಮೀಟರಿಗೆ ಸಮೀಪ! ಪ್ರತಿ ಸೆಕೆಂಡಿಗೂ ಇಷ್ಟು ಗಾಳಿ ಹಾಯಬೇಕಲ್ಲವೆ? ಮನೆಯ ಕಾರಿನಲ್ಲಿ ಅನೇಕ ವೇಳೆ ಕೊರತೆ ಬೀಳುವುದು ನೀರಿಗಲ್ಲ, ಗಾಳಿಯ ದಾರಿಗೆ.

ಗಾಳಿ ಯಾವಾಗಲೂ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ರೇಡಿಯೇಟರಿನ ಸುತ್ತ ಸಂದುಗಳಿದ್ದರೆ, ಅದರ ಕಿರಿದಾದ ರೆಕ್ಕೆಗಳ ನಡುವೆ ನುಗ್ಗದೆ ಪಕ್ಕದಿಂದ ಜಾರಿಕೊಳ್ಳುತ್ತದೆ. ಮುಂಬಾಯಿಯಿಂದ ರೇಡಿಯೇಟರಿನ ಅಂಚಿನವರೆಗೆ ತಗಡಿನ ಗೋಡೆ ಕಟ್ಟಿ ಈ ಸಂದುಗಳನ್ನು ಮುಚ್ಚಬೇಕು. ಒಳಬಂದ ಗಾಳಿಗೆ ಹೊರದಾರಿಯೂ ಬೇಕು. ಇಲ್ಲವಾದರೆ ಎಂಜಿನಿನ ಗೂಡಿನಲ್ಲಿ ಒತ್ತಡ ಬೆಳೆದು ಹೊಸ ಗಾಳಿಯನ್ನು ತಡೆಯುತ್ತದೆ.

ಎರಡನೆಯ ಶತ್ರು ನೀರಿನೊಳಗೆ ಸಿಕ್ಕಿಬಿದ್ದ ಗಾಳಿ. ಇಂಥ ಕಾರುಗಳ ಮೂತಿ ತಗ್ಗು. ಆದಕಾರಣ ರೇಡಿಯೇಟರು ಎಂಜಿನಿಗಿಂತ ಕೆಳಗೆ ಕೂರುವುದುಂಟು. ಆಗ ಗುಳ್ಳೆಗಳು ಸಿಲಿಂಡರುಗಳ ಮೇಲಣ ಭಾಗದಲ್ಲಿ ಸೇರಿಕೊಳ್ಳುತ್ತವೆ. ನೀರು ಮುಟ್ಟದ ಕಡೆ ಲೋಹ ವಿಪರೀತ ಕಾಯುತ್ತದೆ. ಇದಕ್ಕೆ ಪರಿಹಾರವೆಂದರೆ, ಎಲ್ಲಕ್ಕಿಂತ ಎತ್ತರದಲ್ಲಿ ಚಿಕ್ಕ ತೊಟ್ಟಿಯೊಂದನ್ನಿಟ್ಟು, ಗುಳ್ಳೆ ನಿಲ್ಲುವ ಎಡೆಗಳಿಂದ ಅದಕ್ಕೆ ಸಣ್ಣ ಕೊಳವೆಗಳನ್ನು ಜೋಡಿಸುವುದು.

ದೋಷವೆಲ್ಲಿದೆಯೆಂದು ಕಾರೇ ಸುಳಿವು ಕೊಡುತ್ತದೆ. ನಿಂತಾಗ ಮಾತ್ರ ಕಾದು ಓಡುವಾಗ ತಣಿದರೆ ಫ್ಯಾನನ್ನು ಪರೀಕ್ಷಿಸಬೇಕು. ವೇಗವಾಗಿ ಓಡುವಾಗ ಕಾದರೆ ಗಾಳಿಯ ದಾರಿಯನ್ನೂ ರೇಡಿಯೇಟರಿನ ಒಳಗಣ ಕಟ್ಟನ್ನೂ ನೋಡಬೇಕು. ಉಷ್ಣತಾಮಾಪಕದ ಮುಳ್ಳು ಹಠಾತ್ತಾಗಿ ಏರಿಳಿದರೆ ಗುಳ್ಳೆಗಳನ್ನು ಶಂಕಿಸಬೇಕು. ಗುಳ್ಳೆಗಳನ್ನು ಹೊರಗೆಡಹಿದ ಮೇಲೂ ಅವು ಮತ್ತೆ ಮತ್ತೆ ಬರುತ್ತಿದ್ದರೆ, ಸಿಲಿಂಡರಿನ ಅನಿಲವೇ ಸೀಳಿದ ಗ್ಯಾಸ್ಕೆಟ್ಟಿನ ಮೂಲಕ ನೀರಿಗೆ ನುಗ್ಗುತ್ತಿರಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ರೇಡಿಯೇಟರಿನ ಮುಚ್ಚಳ ಅಡುಗೆಮನೆಯ ಪ್ರೆಷರ್ ಕುಕ್ಕರಿನಂತೆ ಕೆಲಸ ಮಾಡುತ್ತದೆ. ಒಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ 1 ಬಾರ್ ಹೆಚ್ಚಿದ್ದರೆ, ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದು. ಕಾದಿರುವಾಗ ಮುಚ್ಚಳ ತೆರೆದರೆ ಒತ್ತಡ ಇಳಿದು, ನೀರು ಒಮ್ಮೆಗೇ ಉಕ್ಕಿ ಹಬೆಯೊಡನೆ ಮುಖಕ್ಕೂ ಕೈಗೂ ಚಿಮ್ಮುತ್ತದೆ. ಎಂಜಿನು ಪೂರ್ತಿ ಆರುವವರೆಗೆ ಕಾಯಲೇಬೇಕು. ಆ ವೇಳೆಯಲ್ಲಿ ಗಾಳಿ ಎಲ್ಲಿ ಒಳಬಂದು ಎಲ್ಲಿ ಹೊರಹೋಗುತ್ತದೆಂಬುದನ್ನು ಗಮನಿಸಿದರೆ, ದೊಡ್ಡ ರೇಡಿಯೇಟರನ್ನು ಕೊಳ್ಳುವ ಖರ್ಚು ಎಷ್ಟೋ ವೇಳೆ ತಪ್ಪೀತು.