ಗಾಲಿಯ ಮನೆಗೊಂದು ನೆಲೆ

ಮನೆಯು ಒಂದೆಡೆ ನೆಲೆಯೂರಿ ನಿಂತಿರುತ್ತದೆ. ಮನುಷ್ಯನು ಅದರಿಂದ ಹೊರಗೆ ಹೋಗಿ ಬರುತ್ತಾನೆ. ಇದು ಲೋಕರೂಢಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಬಾಳುವ ಜನರಿದ್ದಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹ ಇವೆಲ್ಲವನ್ನೂ ಒಳಗೊಂಡ ಇಂಥ ವಾಹನವನ್ನು ಅಲ್ಲಿಯವರು ‘ಆರ್.ವಿ.’ ಎನ್ನುತ್ತಾರೆ. ಕೆಲವರಿಗೆ ಇದು ನಿವೃತ್ತಿಯ ಅನಂತರದ ವಿಹಾರ. ಮತ್ತೆ ಕೆಲವರಿಗೆ ಬಾಡಿಗೆ ತೆರಲಾರದೆ ಹಿಡಿದ ದಾರಿ. 2008ರ ಆರ್ಥಿಕ ಕುಸಿತದ ಬಳಿಕ ಅನೇಕ ವೃದ್ಧರು ಹೀಗೆ ಅಲೆಯುತ್ತ, ಋತುಮಾನದ ಕೂಲಿಯಿಂದ ಜೀವಿಸಿದ ಬಗೆಯನ್ನು ಜೆಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ಪ್ರಕಟವಾದ ‘ನೊಮ್ಯಾಡ್‌ಲ್ಯಾಂಡ್’ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಇವರೆಲ್ಲರ ಮುಂದೆ ನಿತ್ಯವೂ ಏಳುವ ಪ್ರಶ್ನೆ ಒಂದೇ: ಈ ರಾತ್ರಿ ಗಾಡಿಯನ್ನು ಎಲ್ಲಿ ನಿಲ್ಲಿಸುವುದು?

ಹಣವುಳ್ಳವರಿಗೆ ವಿದ್ಯುತ್ತು, ನೀರು, ಒಳಚರಂಡಿಗಳ ಸೌಕರ್ಯವಿರುವ ಬಾಡಿಗೆಯ ತಂಗುದಾಣಗಳುಂಟು. ಹಣವಿಲ್ಲದವರೂ ಏಕಾಂತಪ್ರಿಯರೂ ಇವುಗಳ ಹಂಗಿಲ್ಲದ ಬಯಲನ್ನು ಅರಸುತ್ತಾರೆ. ಹೀಗೆ ತಂಗುವುದಕ್ಕೆ ‘ಬೂನ್‌ಡಾಕಿಂಗ್’ ಎಂಬ ಹೆಸರಿದೆ. ಫಿಲಿಪ್ಪೀನ್ಸಿನ ಟಗಾಲೊಗ್ ಭಾಷೆಯಲ್ಲಿ ‘ಬುಂಡೊಕ್’ ಎಂದರೆ ಬೆಟ್ಟ; ಅಮೆರಿಕದ ಸೈನಿಕರ ಬಾಯಲ್ಲಿ ಆ ಮಾತು ಸಮುದ್ರ ದಾಟಿ ಬಂದಿತು. ಪದಗಳೂ ಅಲೆಮಾರಿಗಳೇ ಅಲ್ಲವೆ?

ಇವರಿಗೆ ದೊಡ್ಡ ಆಸರೆಯೆಂದರೆ ಸರ್ಕಾರದ ನೆಲ. ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆಯೊಂದರ ವಶದಲ್ಲಿಯೇ ಸುಮಾರು 24.5 ಕೋಟಿ ಎಕರೆ ಭೂಮಿಯಿದೆ. ಅದರಲ್ಲಿ ಬಹುಭಾಗವು ಪಶ್ಚಿಮದ ರಾಜ್ಯಗಳಲ್ಲಿಯೂ ಅಲಾಸ್ಕದಲ್ಲಿಯೂ ಹರಡಿದೆ. ನಿಷೇಧಿಸದ ಎಡೆಗಳಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಬೀಡುಬಿಡಬಹುದು. ಆದರೆ 28 ದಿನಗಳಲ್ಲಿ 14 ದಿನ ಮಾತ್ರ ಎಂಬುದು ಸಾಮಾನ್ಯ ನಿಯಮ. ಅವಧಿ ತೀರಿದ ಮೇಲೆ ಗಾಡಿಯು ದೂರದ ಬೇರೊಂದು ಸ್ಥಳಕ್ಕೆ ಸರಿಯಬೇಕು. ನೆಲವು ಎಲ್ಲರದು, ಆದುದರಿಂದಲೇ ಅಲ್ಲಿ ಯಾರೂ ಬೇರೂರುವಂತಿಲ್ಲ.

ಅನುಮತಿಯಿದ್ದ ಮಾತ್ರಕ್ಕೆ ಸ್ಥಳವು ವಾಸಯೋಗ್ಯವಾಗುವುದಿಲ್ಲ. ಮೊದಲು ನೀರಿನ ಲೆಕ್ಕ ಹಾಕಬೇಕು. 150 ಲೀಟರ್ ಹಿಡಿಯುವ ತೊಟ್ಟಿಯಿಂದ ದಿನಕ್ಕೆ 10 ಲೀಟರ್ ಬಳಸುವ ಮಿತವ್ಯಯಿಯೊಬ್ಬನು 15 ದಿನ ಕಳೆಯಬಹುದು. ಇಬ್ಬರಿದ್ದರೆ ಎಂಟನೆಯ ದಿನವೇ ನೀರಿಗಾಗಿ ಊರಿಗೆ ಓಡಬೇಕು. ಮಲಿನ ಜಲವನ್ನು ಬಯಲಿಗೆ ಚೆಲ್ಲದೆ, ಅದಕ್ಕಾಗಿಯೇ ಇರುವ ವಿಸರ್ಜನ ಸ್ಥಾನಕ್ಕೆ ಒಯ್ಯಬೇಕು. ವಿದ್ಯುತ್ತನ್ನು ಮಾಡಿನ ಮೇಲಿನ ಸೌರಫಲಕಗಳು ಒದಗಿಸುತ್ತವೆ. 100 ವ್ಯಾಟಿನ ಫಲಕವು ಐದು ಗಂಟೆಗಳ ಪ್ರಖರ ಬಿಸಿಲಿಗೆ ಹೆಚ್ಚೆಂದರೆ 500 ವ್ಯಾಟ್-ಗಂಟೆಗಳಷ್ಟು ಶಕ್ತಿಯನ್ನು ಕೊಟ್ಟೀತು. ದೀಪ, ದೂರವಾಣಿ, ಸಣ್ಣ ಪಂಖಗಳಿಗೆ ಇದು ಸಾಕು. ಆದರೆ ಮರದ ನೆರಳಿಗೆ ಆಸೆಪಟ್ಟು ನಿಂತರೆ ಫಲಕಕ್ಕೆ ಬಿಸಿಲು ತಪ್ಪುತ್ತದೆ. ಬಿಸಿಲಲ್ಲಿ ನಿಂತರೆ ಒಳಗಿರುವವರು ಬೇಯುತ್ತಾರೆ.

ಮರುಭೂಮಿಯಲ್ಲಿ ಕಣ್ಣಿಗೆ ಬಹಳ ಹಿತವಾಗಿ ಕಾಣುವ ಜಾಗವೇ ಕೆಲವೊಮ್ಮೆ ಅಪಾಯದ್ದು. ಸಮತಟ್ಟಾದ ಮರಳು, ಇಕ್ಕೆಲದಲ್ಲಿ ಗಿಡಗಳು, ಗಾಳಿಗೆ ಮರೆ. ಇಷ್ಟೆಲ್ಲ ಅನುಕೂಲವಿರುವ ಆ ತಗ್ಗು ವಾಸ್ತವವಾಗಿ ಒಣಹಳ್ಳದ ಪಾತ್ರವಾಗಿರಬಹುದು. ಎಲ್ಲೋ ದೂರದ ಗುಡ್ಡದಲ್ಲಿ ಮಳೆ ಬಿದ್ದರೆ, ತಲೆಯ ಮೇಲಿನ ಆಕಾಶ ಶುಭ್ರವಾಗಿದ್ದರೂ, ಪ್ರವಾಹವು ಕ್ಷಣಾರ್ಧದಲ್ಲಿ ನುಗ್ಗಿ ಬರುತ್ತದೆ. ಬಲ್ಲವರು ಕತ್ತಲಾದ ಮೇಲೆ ಹೊಸ ಜಾಗವನ್ನು ಹುಡುಕುವುದಿಲ್ಲ. ಹಗಲಿನಲ್ಲಿ ಬಂದು, ಗಾಡಿಯನ್ನು ರಸ್ತೆಯಲ್ಲಿಯೇ ಬಿಟ್ಟು, ಕಾಲ್ನಡಿಗೆಯಿಂದ ನೆಲದ ಗಟ್ಟಿತನವನ್ನೂ ತಿರುಗಿ ಹೊರಡುವ ದಾರಿಯನ್ನೂ ಪರೀಕ್ಷಿಸುತ್ತಾರೆ.

ಋತುಗಳೂ ಇವರನ್ನು ನಡೆಸುತ್ತವೆ. ಅರಿಜೋನ ರಾಜ್ಯದ ಕ್ವಾರ್ಟ್ಸ್‌ಸೈಟ್ ಎಂಬ ಊರು ಸಮುದ್ರಮಟ್ಟದಿಂದ ಸುಮಾರು 270 ಮೀಟರ್ ಎತ್ತರದಲ್ಲಿದೆ. 2020ರ ಜನಗಣತಿಯಂತೆ ಅಲ್ಲಿದ್ದವರು ಸುಮಾರು 2,400 ಮಂದಿ. ಚಳಿಗಾಲದಲ್ಲಿ ಅದರ ಸುತ್ತಣ ಮರುಭೂಮಿಯಲ್ಲಿ ಸಾವಿರಾರು ಗಾಡಿಗಳು ಬಂದು ನೆರೆಯುತ್ತವೆ. ಇಂಥ ಚಳಿಗಾಲದ ವಲಸಿಗರಿಗಾಗಿ 1983ರಿಂದ ದೀರ್ಘಾವಧಿಯ ಬೀಡುಗಳನ್ನು ಏರ್ಪಡಿಸಲಾಗಿದೆ. ಶುಲ್ಕ ತೆತ್ತು ಪರವಾನಗಿ ಪಡೆದವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿರಬಹುದು. ಈ ಊರಿನ ಸ್ಮಶಾನದಲ್ಲಿ ಹಾಜಿ ಅಲಿಯ ಸಮಾಧಿಯಿದೆ. 1856ರಲ್ಲಿ ಅಮೆರಿಕದ ಸೇನೆಯು ಒಂಟೆಗಳನ್ನು ತರಿಸಿದಾಗ ಅವುಗಳ ಪಾಲಕನಾಗಿ ಬಂದ ಈತನು 1902ರಲ್ಲಿ ತೀರಿಕೊಂಡನು. ಬೇಸಗೆ ಬಂದೊಡನೆ ಗಾಡಿಗಳು ಬೆಟ್ಟವೇರುತ್ತವೆ. ಅದೇ ರಾಜ್ಯದ ಫ್ಲಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದಂತೆ ಉಷ್ಣತೆ ಸುಮಾರು ಆರು ಡಿಗ್ರಿಗಳಷ್ಟು ತಗ್ಗುವುದರಿಂದ ಅಲ್ಲಿಯ ಪೈನ್ ಅರಣ್ಯವು ತಂಪಾಗಿರುತ್ತದೆ.

ಊರೊಳಗಿನ ಪರಿಸ್ಥಿತಿ ಬೇರೆ. ಕೆಲಸ, ಆಸ್ಪತ್ರೆ, ಮಕ್ಕಳ ಶಾಲೆಗಳ ಕಾರಣ ನಗರವನ್ನು ಬಿಡಲಾಗದವರಿಗೆ ಮರುಭೂಮಿಯ ಉಚಿತ ನೆಲದಿಂದ ಪ್ರಯೋಜನವೇನು? ಅನೇಕ ನಗರಗಳು ವಾಹನದಲ್ಲಿ ಮಲಗುವುದನ್ನೇ ನಿಷೇಧಿಸಿವೆ. ಬೇರೆ ಆಶ್ರಯವಿಲ್ಲದವರು ಸಾರ್ವಜನಿಕ ಸ್ಥಳದಲ್ಲಿ ಬೀಡುಬಿಟ್ಟು ಮಲಗಿದರೂ ಅವರಿಗೆ ದಂಡ ವಿಧಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಗ್ರಾಂಟ್ಸ್ ಪಾಸ್ ನಗರದ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತಿತು. ಒಂಬತ್ತು ನ್ಯಾಯಾಧೀಶರಲ್ಲಿ ಮೂವರು ಇದಕ್ಕೆ ಭಿನ್ನಮತ ಸೂಚಿಸಿದರು. ವಿರಾಮಕ್ಕಾಗಿ ಬಯಲಿಗೆ ಹೋದವನನ್ನೂ ವಿಧಿಯಿಲ್ಲದೆ ಬೀದಿಗೆ ಬಂದವನನ್ನೂ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ.

ಜಾಗ ದೊರೆತರೂ ವಿಳಾಸ ದೊರೆಯುವುದಿಲ್ಲ. ಚಾಲನಾ ಪರವಾನಗಿ, ಬ್ಯಾಂಕು, ವಿಮೆ, ಅಂಚೆ ಎಲ್ಲಕ್ಕೂ ವಿಳಾಸ ಬೇಕು. ಸೌತ್ ಡಕೋಟ ರಾಜ್ಯವು ತನ್ನಲ್ಲಿ ಒಂದು ರಾತ್ರಿ ತಂಗಿದ ರಸೀದಿಯನ್ನು ತೋರಿಸಿ, ಅಂಚೆಯನ್ನು ಪಡೆದು ಮುಂದಕ್ಕೆ ಕಳುಹಿಸುವ ಸಂಸ್ಥೆಯೊಂದರ ವಿಳಾಸವನ್ನು ಕೊಡುವ ಅಲೆಮಾರಿಗೆ ಚಾಲನಾ ಪರವಾನಗಿ ನೀಡುತ್ತದೆ. ಅರಿಜೋನದ ಮರುಭೂಮಿಯಲ್ಲಿ ಚಳಿಗಾಲ ಕಳೆಯುವ ಎಷ್ಟೋ ಗಾಡಿಗಳ ಮೇಲೆ ಸಾವಿರ ಮೈಲಿಗೂ ದೂರದ ಆ ರಾಜ್ಯದ ಸಂಖ್ಯಾಫಲಕವಿರುವುದು ಈ ಕಾರಣದಿಂದ.