ಕಿಟಕಿಯನ್ನು ದಾಟುವ ಬೆಂಕಿ

ಶಹಾಬಾದ, ಸೇಡಂ, ಚಿತ್ತಾಪುರಗಳಲ್ಲಿ ಸುಣ್ಣಗಲ್ಲಿನ ಗೋಡೆಯ ಮನೆಗಳು ಹಲವು. ಕಲ್ಲು ಉರಿಯದು. ಹಾಗಾದರೆ ಒಂದು ಮನೆಯ ಬೆಂಕಿ ಇಕ್ಕಟ್ಟಾದ ಓಣಿಯನ್ನು ದಾಟಿ ನೆರೆಮನೆಗೆ ತಗಲುವುದು ಹೇಗೆ? ಕಿಟಕಿಯ ಮೂಲಕ. ಜ್ವಾಲೆಯೇ ಮುಟ್ಟಬೇಕೆಂದಿಲ್ಲ, ಅದರ ಉಷ್ಣವಿಕಿರಣವೇ ಸಾಕು. ನಿರಪೇಕ್ಷ ಉಷ್ಣತೆ ಇಮ್ಮಡಿಯಾದರೆ ವಿಕಿರಣ 16 ಮಡಿಯಾಗುವುದೆಂಬುದು 1879ರಲ್ಲಿ ಸ್ಟೆಫಾನನು ಕಂಡ ನಿಯಮ.

ಸಾಮಾನ್ಯ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ. ಚೌಕಟ್ಟಿನೊಳಗಿನ ಅಂಚು ತಣ್ಣಗಿರುತ್ತದೆ. ಈ ಎಳೆತಕ್ಕೆ ಗಾಜು ಸೀಳಿ ಉದುರುತ್ತದೆ. ತಂತಿಬಲೆ ಹುದುಗಿಸಿದ ಗಾಜು ಸೀಳಿದರೂ ಕೆಲಕಾಲ ಉದುರದೆ ಜ್ವಾಲೆಯನ್ನು ತಡೆಯುತ್ತದೆ. ಆದರೆ ವಿಕಿರಣದ ಗಣನೀಯ ಪಾಲನ್ನು ಒಳಬಿಡುತ್ತದೆ. ಅನೇಕ ದೇಶಗಳ ಕಟ್ಟಡ ನಿಯಮಗಳು ನಿವೇಶನದ ಎಲ್ಲೆಯ ಬಳಿಯ ಗೋಡೆಯಲ್ಲಿ ಕಿಟಕಿಯ ವಿಸ್ತಾರಕ್ಕೆ ಮಿತಿಯಿಡುವುದು ಇದಕ್ಕಾಗಿಯೇ. ಅಲ್ಲಿ ಕಿಟಕಿ ಕಿರಿದಾಗಿರಲಿ, ನೆರೆಯ ಕಿಟಕಿಗೆ ಇದಿರಾಗದಿರಲಿ. ಅದರ ಬಳಿ ಮೇವು, ಕಟ್ಟಿಗೆ ಇಡದಿರೋಣ.