ಮನೆಗೆ ಮರಳಿದ ಗಾಯಕ

ಬೆಳಗಾವಿಯಿಂದ ಪೂರ್ವಕ್ಕೆ ಹೊರಟು ಸಾಂಬ್ರಾ ಗ್ರಾಮವನ್ನು ದಾಟಿದರೆ ಸುಳೇಭಾವಿ ಎಂಬ ಊರು ಸಿಗುತ್ತದೆ. ಹಿಂದುಸ್ತಾನಿ ಸಂಗೀತದಲ್ಲಿ ಹೊಸ ದಾರಿಯನ್ನು ತೆರೆದ ಕುಮಾರ ಗಂಧರ್ವರು 1924ರಲ್ಲಿ ಜನಿಸಿದುದು ಅಲ್ಲಿಯೇ. ಧಾರವಾಡದ ಕಡೆಗೆ ಸಾಗಿದರೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ನಾಡು. ಅದರಾಚೆಗೆ ಗದಗು, ಭೀಮಸೇನ ಜೋಶಿಯವರು ಬೆಳೆದ ಊರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಈ ಬಯಲು ನಾಡು ದೇಶಕ್ಕೆ ಇಷ್ಟೊಂದು ಗಾಯಕರನ್ನು ನೀಡಿದುದು ಹೆಮ್ಮೆಯ ಸಂಗತಿ. ಆದರೆ ಸಂಗೀತಕ್ಕಾಗಿ ಇವರಲ್ಲಿ ಕೆಲವರು ಎಳೆಯ ವಯಸ್ಸಿನಲ್ಲಿಯೇ ಮನೆಯನ್ನು ಅಗಲಬೇಕಾಯಿತು. ಕುಮಾರ ಗಂಧರ್ವರು ಹಿರಿಯರ ಒಪ್ಪಿಗೆಯಿಂದಲೇ ಮುಂಬಯಿಯ ದೇವಧರರ ಸಂಗೀತ ಶಾಲೆಯನ್ನು ಸೇರಿದರು. ಭೀಮಸೇನರಾದರೋ ಯಾರಿಗೂ ಹೇಳದೆ ಹೊರಟುಹೋದರು.

ಭೀಮಸೇನರು ಹುಟ್ಟಿದುದು 1922ರ ಫೆಬ್ರುವರಿಯಲ್ಲಿ, ಗದಗು ಸೀಮೆಯ ರೋಣದಲ್ಲಿ. ತಂದೆ ಗುರುರಾಜ ಜೋಶಿಯವರು ಶಾಲಾ ಶಿಕ್ಷಕರು, ತಾಯಿ ಗೋದಾವರಿಬಾಯಿ. ತಾಯಿಯ ಬಾಯಲ್ಲಿ ದೇವರನಾಮಗಳನ್ನು ಕೇಳುತ್ತ ಬಾಲಕನ ಕಿವಿ ಹದಗೊಂಡಿತು. ಬೀದಿಯಲ್ಲಿ ಮೆರವಣಿಗೆ ಹೊರಟರೆ ವಾದ್ಯದವರ ಹಿಂದೆಯೇ ನಡೆದುಬಿಡುವನು. ದಣಿದಾಗ ಸಿಕ್ಕಲ್ಲಿ ಮಲಗಿ ನಿದ್ರಿಸುವನು. ಮಗನನ್ನು ಹುಡುಕಿ ಬೇಸತ್ತ ತಂದೆ, ಅವನು ಜೋಶಿ ಮಾಸ್ತರರ ಮಗನೆಂದು ಅಂಗಿಯ ಮೇಲೆಯೇ ಬರೆದುಬಿಟ್ಟರು. ಅದನ್ನು ಓದಿದವರು ಹುಡುಗನನ್ನು ಮನೆಗೆ ತಂದು ಬಿಡುತ್ತಿದ್ದರು. ಒಮ್ಮೆ ಅಂಗಡಿಯೊಂದರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಅವನ ಕಿವಿಗೆ ಬಿದ್ದಿತು. ತಾನೂ ಹಾಗೆಯೇ ಹಾಡಬೇಕೆಂಬ ಹಂಬಲ ಅಂದಿನಿಂದ ಅವನನ್ನು ಬಿಡಲಿಲ್ಲ. ಮಗನು ಚೆನ್ನಾಗಿ ಓದಿ ಮುಂದೆ ಬರಲಿ ಎಂಬುದು ತಂದೆಯ ಆಸೆ. ಮಗನ ಮನಸ್ಸು ಪುಸ್ತಕದಲ್ಲಿ ನಿಲ್ಲದು.

1933ರಲ್ಲಿ ಒಂದು ದಿನ ಬಾಲಕ ಊಟಕ್ಕೆ ಕುಳಿತಿದ್ದನು. ಅನ್ನದ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಬೇಕೆಂದು ಹಟ ಹಿಡಿದನು. ಶಿಕ್ಷಕರ ಸಂಬಳದಲ್ಲಿ ನಡೆಯುವ, ಮಕ್ಕಳು ತುಂಬಿದ ಮನೆಯಲ್ಲಿ ತುಪ್ಪವೆಂಬುದು ಅಳೆದು ಬಡಿಸುವ ವಸ್ತು. ತಾಯಿ ಬಡಿಸಲಿಲ್ಲ. ಹನ್ನೊಂದು ವರ್ಷದ ಹುಡುಗ ಮುನಿದು ಮನೆ ಬಿಟ್ಟನು. ತುಪ್ಪವು ನೆಪ ಮಾತ್ರ. ಅವನ ನಿಜವಾದ ಹಸಿವು ಸಂಗೀತದ್ದು. ತಕ್ಕ ಗುರುವನ್ನು ಹುಡುಕಬೇಕೆಂಬ ಬಯಕೆ ಅವನಲ್ಲಿ ಮೊದಲೇ ಬೇರೂರಿತ್ತು.

ಕೈಯಲ್ಲಿ ಹಣವಿಲ್ಲ, ಪ್ರಯಾಣದ ಚೀಟಿಯಿಲ್ಲ. ರೈಲಿನಲ್ಲಿ ಹಾಡಿ, ಸಹಪ್ರಯಾಣಿಕರು ಕೊಟ್ಟುದನ್ನು ತಿಂದು ಬಾಲಕನು ಮುಂದೆ ಮುಂದೆ ಸಾಗಿದನು. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫೀಜ್ ಅಲೀ ಖಾನರ ನೆರವಿನಿಂದ ಸಂಗೀತ ಶಾಲೆಯೊಂದರಲ್ಲಿ ಆಶ್ರಯ ದೊರೆಯಿತು. ಅನಂತರ ಕಲಕತ್ತೆ, ದಿಲ್ಲಿಗಳನ್ನು ಸುತ್ತಿ ಕೊನೆಗೆ ಪಂಜಾಬಿನ ಜಲಂಧರವನ್ನು ಸೇರಿದನು. ಅಲ್ಲಿ ಅಂಧ ಗಾಯಕರಾದ ಮಂಗತರಾಮರಲ್ಲಿ ಕಲಿಯತೊಡಗಿದನು. ಜಲಂಧರದ ಸಂಗೀತೋತ್ಸವಕ್ಕೆ ಬಂದಿದ್ದ ಪಂಡಿತ ವಿನಾಯಕರಾವ್ ಪಟವರ್ಧನರು ಈ ಕನ್ನಡದ ಹುಡುಗನನ್ನು ಕಂಡು ಬೆರಗಾದರು. ಸವಾಯಿ ಗಂಧರ್ವರಂಥ ಗುರುಗಳು ಅವನ ಊರಿನ ಸಮೀಪದಲ್ಲಿಯೇ ಇರುವಾಗ ಇಷ್ಟು ದೂರ ಅಲೆಯುವುದೇಕೆಂದು ತಿಳಿಹೇಳಿದರು.

ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಭಾವು ಅವರು. ಅಬ್ದುಲ್ ಕರೀಂ ಖಾನರ ಶಿಷ್ಯರು. ಬಾಲಕನನ್ನು ಮರುಳುಗೊಳಿಸಿದ ಆ ಧ್ವನಿಮುದ್ರಿಕೆಯ ಗಾಯನ ಪರಂಪರೆಯು ಹುಬ್ಬಳ್ಳಿಯ ನೆರೆಯ ಕುಂದಗೋಳದಲ್ಲಿಯೇ ಜೀವಂತವಾಗಿತ್ತು. ಸಾವಿರ ಮೈಲಿಗೂ ಮಿಕ್ಕ ದೂರದಲ್ಲಿ ಹುಡುಕುತ್ತಿದ್ದ ನಿಧಿ ಮನೆಯ ಮಗ್ಗುಲಲ್ಲಿಯೇ ಇತ್ತು! ಭೀಮಸೇನನು ಮನೆಗೆ ಮರಳಿದನು. ಮನೆ ಬಿಟ್ಟ ಮಗನು ಮತ್ತೆ ಪಂಕ್ತಿಯಲ್ಲಿ ಕುಳಿತಾಗ ಆ ಸಂಸಾರಕ್ಕೆ ಆದ ನೆಮ್ಮದಿಯನ್ನು ಯಾರೂ ಊಹಿಸಬಲ್ಲರು. ಹುಡುಗನ ಹಂಬಲವು ಹುಡುಗಾಟವಲ್ಲವೆಂಬುದು ತಂದೆಗೂ ಮನದಟ್ಟಾಯಿತು. 1936ರಲ್ಲಿ ಸವಾಯಿ ಗಂಧರ್ವರು ಭೀಮಸೇನನನ್ನು ಶಿಷ್ಯನಾಗಿ ಸ್ವೀಕರಿಸಿದರು.

ಗುರುಗೃಹದ ಬದುಕು ಸುಲಭವಾಗಿರಲಿಲ್ಲ. ದೂರದಿಂದ ಕೊಡಗಳಲ್ಲಿ ನೀರು ಹೊತ್ತು ತರಬೇಕು, ಮನೆಗೆಲಸ ಮಾಡಬೇಕು, ಗುರುಗಳು ಕರೆದಾಗ ತಾಲೀಮಿಗೆ ಕುಳಿತುಕೊಳ್ಳಬೇಕು. ತೋಡಿ, ಮುಲ್ತಾನಿ, ಪೂರಿಯಾ ಮುಂತಾದ ಕೆಲವೇ ರಾಗಗಳನ್ನು ತಿಂಗಳುಗಟ್ಟಲೆ ಸಾಧನೆ ಮಾಡಬೇಕು. ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನು ನಿಲ್ದಾಣದವರೆಗೆ ಕಳುಹಿಸಲು ಭೀಮಸೇನನು ಜೊತೆಯಲ್ಲಿ ನಡೆದುಹೋಗುತ್ತಿದ್ದನು. ದಾರಿಯುದ್ದಕ್ಕೂ ಆ ದಿನದ ಪಾಠದ ಮಾತೇ ಮಾತು. ಒಮ್ಮೆ ತುಪ್ಪಕ್ಕಾಗಿ ಮುನಿದವನು ಇಲ್ಲಿ ನೀರಿನ ಭಾರಕ್ಕೆ ಮುನಿಯಲಿಲ್ಲ.

ಮುಂದೆ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿದರು. 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ 1953ರಲ್ಲಿ ಆರಂಭವಾದ ಸಂಗೀತೋತ್ಸವವನ್ನು ದಶಕಗಳ ಕಾಲ ನಡೆಸಿದರು. ಜಗತ್ತಿನ ಹಲವು ದೇಶಗಳಲ್ಲಿ ಹಾಡಿದರು. ಆದರೂ ತವರಿನ ನಂಟನ್ನು ಕಡಿದುಕೊಳ್ಳಲಿಲ್ಲ. ಗುರುಗಳ ಪುಣ್ಯಸ್ಮರಣೆಗೆ ಕುಂದಗೋಳಕ್ಕೆ ಬಂದು ಹಾಡುತ್ತಿದ್ದರು. ‘ದಾಸವಾಣಿ’ ಕಾರ್ಯಕ್ರಮಗಳ ಮೂಲಕ ಹರಿದಾಸರ ಪದಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಕನ್ನಡಿಗರಿಗೆ ಕೇಳಿಸಿದರು. ಪುರಂದರದಾಸರು ಲಕ್ಷ್ಮಿಯನ್ನು ಮನೆಗೆ ಕರೆಯುವ ಕೀರ್ತನೆಯು ಅವರ ಕಂಠದಿಂದ ಮನೆಮನೆಯನ್ನು ತಲುಪಿತು. ಸಕ್ಕರೆ ತುಪ್ಪಗಳು ಧಾರಾಳವಾಗಿ ಹರಿಯುವ ಮನೆಯ ಚಿತ್ರ ಆ ಕೀರ್ತನೆಯಲ್ಲಿದೆ. ಒಂದು ಮಿಳ್ಳೆ ತುಪ್ಪಕ್ಕಾಗಿ ಮನೆ ಬಿಟ್ಟ ಹುಡುಗನೇ ಅದನ್ನು ಹಾಡಿದನೆಂದು ತಿಳಿದವರಿಗೆ ಆ ಹಾಡು ಇನ್ನಷ್ಟು ಆಪ್ತವಾಗುತ್ತದೆ.

2008ರಲ್ಲಿ ಭಾರತ ಸರಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ಘೋಷಿಸಿತು. 2011ರ ಜನವರಿ 24ರಂದು ಅವರು ಪುಣೆಯಲ್ಲಿ ನಿಧನರಾದರು. ಮನೆಯಿಂದ ಹೊರಟ ಬಾಲಕನ ಹಟವನ್ನು ಜನ ಇಂದಿಗೂ ನಗುತ್ತ ನೆನೆಯುತ್ತಾರೆ. ಆದರೆ ಅವನನ್ನು ದೊಡ್ಡ ಗಾಯಕನನ್ನಾಗಿ ಮಾಡಿದುದು ಹೊರಟ ಹೆಜ್ಜೆಗಿಂತ ಮರಳಿದ ಹೆಜ್ಜೆ. ಹಿತವಚನವನ್ನು ಕೇಳಿ ಹಿಂತಿರುಗುವುದು ಸೋಲಲ್ಲ. ಹಾಗೆ ಹಿಂತಿರುಗಿದ ಮಗನ ಹಂಬಲವನ್ನು ಅರಿತು ಬಾಗಿಲು ತೆರೆದ ಮನೆಯೂ ಅವನ ಸಾಧನೆಯಲ್ಲಿ ಪಾಲುದಾರನೇ ಸರಿ.

ಶಬ್ದಾರ್ಥ

ಮಿಳ್ಳೆ – ತುಪ್ಪ ಬಡಿಸುವ ಸಣ್ಣ ಸೌಟು
ಪಂಕ್ತಿ – ಊಟಕ್ಕೆ ಕುಳಿತವರ ಸಾಲು
ತಾಲೀಮು – ಗುರುವಿನಿಂದ ಪಡೆಯುವ ಶಿಕ್ಷಣ
ಮಿಕ್ಕ – ಮೀರಿದ, ಹೆಚ್ಚಾದ

ಅಭ್ಯಾಸ

1. ಬಾಲಕ ಭೀಮಸೇನನ ಅಂಗಿಯ ಮೇಲೆ ತಂದೆ ಏನೆಂದು ಬರೆದರು? ಏಕೆ?
2. ವಿನಾಯಕರಾವ್ ಪಟವರ್ಧನರು ನೀಡಿದ ಸಲಹೆ ಯಾವುದು?
3. ‘ತುಪ್ಪವು ನೆಪ ಮಾತ್ರ’ ಎಂಬ ಮಾತನ್ನು ವಿವರಿಸಿರಿ.
4. ನಿಮ್ಮ ಊರಿನ ಅಥವಾ ನೆರೆಯೂರಿನ ಕಲಾವಿದರೊಬ್ಬರ ಬಾಲ್ಯವನ್ನು ಹಿರಿಯರಿಂದ ಕೇಳಿ ತಿಳಿದು ಹತ್ತು ವಾಕ್ಯಗಳಲ್ಲಿ ಬರೆಯಿರಿ.